ಮುಂಬಾಗಿಲ ಚೌಕಟ್ಟು ಈಗಲೇ ನಿಲ್ಲಿಸಬೇಕಾ, ಪ್ಲಾಸ್ಟರ್ ಆದ ಮೇಲಾ?

ಪ್ರಶ್ನೆ: ಹಾಸನದ ಹತ್ತಿರ ನಮ್ಮೂರಿನಲ್ಲೇ ಮನೆ ಕಟ್ಟಿಸುತ್ತಿದ್ದೇವೆ. ಪಾಯ ಮುಗಿದು ಬೆಡ್ ಕಾಂಕ್ರೀಟ್ ಆಗಿದೆ. ಮುಂದಿನ ವಾರ 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಶುರು. ತಾತ ನೆಟ್ಟಿದ್ದ ತೇಗದ ಮರವನ್ನು 5 ತಿಂಗಳ ಹಿಂದೆ ಕಡಿಸಿ ಮಿಲ್ಲಿನಲ್ಲಿ ಹಾಕಿದ್ದೇವೆ. ಅದರಲ್ಲೇ ಕೆತ್ತನೆಯ ಮುಂಬಾಗಿಲು ಆಗಬೇಕೆಂದು ಆಸೆ. ಹಳೇ ಮನೆಯಿಂದ ಬಿಚ್ಚಿಟ್ಟ ಎರಡು ದಪ್ಪ ಕಿಟಕಿಗಳೂ ಇವೆ. ಚೌಕಟ್ಟುಗಳೆಲ್ಲ ಈಗಲೇ ಗೋಡೆ ಜೊತೆ ನಿಲ್ಲಬೇಕು ಎನ್ನುತ್ತಾರೆ ಮೇಸ್ತ್ರಿ. ಬರೀ ಜಾಗ ಬಿಡಿ, ಪ್ಲಾಸ್ಟರ್ ಆದ ಮೇಲೆ ನೋಡೋಣ ಎನ್ನುತ್ತಾರೆ ಇಂಜಿನಿಯರ್. ಆಚಾರ್ರು ಅಳತೆ ಕೇಳುತ್ತಿದ್ದಾರೆ. ಅಡುಗೆಮನೆ, ವಾರ್ಡ್‌ರೋಬ್ ಅಳತೆಯನ್ನೂ ಈಗಲೇ ಕೊಡಬಹುದಾ? ಹಾಲ್‌ನಲ್ಲಿ ಜೋಕಾಲಿ ಬೇಕು ಎಂದು ಅಮ್ಮ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮೇಸ್ತ್ರಿ ಹೇಳುವುದರಲ್ಲೂ ಅರ್ಥ ಇದೆ, ಇಂಜಿನಿಯರ್ ಹೇಳುವುದರಲ್ಲೂ ಇದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳಿದಂತಿಲ್ಲ. ಆ ಮರ ಒಣಗಿದೆಯಾ?

5 ತಿಂಗಳ ಹಿಂದೆ ಕಡಿದ ಮರ ಎಂದರೆ ಹಸಿ ಮರವೇ. ಮೇಲೆ ಮುಟ್ಟಿದರೆ ಒಣಗಿದ ಹಾಗೆ ಕಾಣುತ್ತದೆ, ಸೀಳಿದರೆ ಒಳಗೆ ತಣ್ಣಗಿರುತ್ತದೆ. ನೆರಳಿನಲ್ಲಿ ಗಾಳಿಗೆ ಒಣಗುವುದಕ್ಕೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂದು ನಮ್ಮ ತಂದೆ ಲೆಕ್ಕ ಹೇಳುತ್ತಿದ್ದರು. ಅವರು ಮರಗೆಲಸದವರು. ನಾನು ಸೈಟ್ ಕೆಲಸಕ್ಕೆ ಬಂದು 20 ವರ್ಷ ದಾಟಿದೆ, ಆ ಲೆಕ್ಕ ಹೆಚ್ಚುಕಡಿಮೆ ಸರಿಯಾಗೇ ಬಂದಿದೆ. ನಿಮ್ಮ ಚೌಕಟ್ಟಿನ ಕಂಬ 4 ಇಂಚು ದಪ್ಪ ಇರುತ್ತದೆ ಅಲ್ವಾ? ಅದು ತಾನಾಗಿ ಒಣಗುವವರೆಗೆ ನೀವು ಕಾಯುವುದಕ್ಕೆ ಆಗುವುದಿಲ್ಲ.

ಹಸಿ ಮರವನ್ನೇ ಗೋಡೆಗೆ ಕೂರಿಸಿದರೆ ಏನಾಗುತ್ತದೆ? ಮರ ಉದ್ದಕ್ಕೆ ಕುಗ್ಗುವುದು ಬಹಳ ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ತೇಗ ಕಡಿಮೆ ಕುಗ್ಗುವ ಮರ ಎಂದು ಹೆಸರು ಪಡೆದದ್ದು. ಅದರಲ್ಲೂ 5 ಇಂಚು ಅಗಲದ ತುಂಡು ಹಸಿಯಿಂದ ಒಣಗುವಷ್ಟರಲ್ಲಿ 3–4 ಮಿ.ಮೀ. ಕಮ್ಮಿಯಾಗಬಹುದು. ಆಗ ಕಂಬಕ್ಕೂ ಅಡ್ಡಪಟ್ಟಿಗೂ ನಡುವಿನ ಕೂಡಿಕೆ ಸಡಿಲವಾಗುತ್ತದೆ. ಗಾರೆಗೂ ಮರಕ್ಕೂ ನಡುವೆ ಬೆರಳಿನ ಉಗುರು ಹೋಗುವಷ್ಟು ಸಂದು ಬರುತ್ತದೆ. ಇದನ್ನೆಲ್ಲ ಹೇಗೋ ಮುಚ್ಚಬಹುದು. ತಿರುಚಿಕೊಂಡರೆ ಮಾತ್ರ ಕಷ್ಟ. ಒಂದು ಕಂಬ ಸ್ವಲ್ಪ ತಿರುಗಿದರೂ ಸಾಕು, ಬಾಗಿಲು ಮೇಲೆ ಸರಿಯಾಗಿ ಕೂತರೆ ಕೆಳಗೆ ಎದ್ದು ನಿಲ್ಲುತ್ತದೆ. ಚಿಲಕ ಹಾಕುವಾಗ ದಿನಾ ಕಾಲಲ್ಲಿ ಒದ್ದು ಹಾಕಬೇಕಾಗುತ್ತದೆ. ಅದಕ್ಕೆ ಔಷಧಿ ಇಲ್ಲ.

ಹಾಗಾದರೆ ತಾತನ ಮರ ಬಿಟ್ಟುಬಿಡಬೇಕಾ? ಬೇಡವೇ ಬೇಡ. ನನ್ನ ಸಲಹೆ ಇಷ್ಟು. ಚೌಕಟ್ಟಿಗೆ ಒಣಗಿದ ಮರ ಕೊಂಡುಕೊಳ್ಳಿ. ತಾತನ ತೇಗವನ್ನು ಬಾಗಿಲ ಹಲಗೆಗೆ ಇಟ್ಟುಕೊಳ್ಳಿ. ಹಲಗೆ ಒಂದೂವರೆ ಇಂಚು ದಪ್ಪ ಸಾಕು, ಅದು ಬೇಗ ಒಣಗುತ್ತದೆ. ಈಗಲೇ 5 ತಿಂಗಳು ಕಳೆದಿದೆ. ಮನೆ ಮುಗಿಯಲು ಇನ್ನೂ 10–12 ತಿಂಗಳು ಬೇಕು. ಬಾಗಿಲು ಕೂರಿಸುವುದು ಎಲ್ಲಕ್ಕಿಂತ ಕೊನೆಗೆ ತಾನೆ? ಅಷ್ಟು ಹೊತ್ತಿಗೆ ಹಲಗೆ ಕೆಲಸಕ್ಕೆ ಬರುತ್ತದೆ. ಸಾಲದಿದ್ದರೆ ಕೊನೆಯಲ್ಲಿ ಸೀಸನಿಂಗ್ ಮಾಡುವ ಮಿಲ್ಲಿಗೆ ಕಳಿಸಿ ಚೇಂಬರಿನಲ್ಲಿ ಒಣಗಿಸಬಹುದು, ತೆಳು ಹಲಗೆಗೆ ಅದು ಸುಲಭ. ಕೆತ್ತನೆ ಕಾಣುವುದೂ ಹಲಗೆಯಲ್ಲೇ. ಮನೆಯವರು ದಿನಾ ಕೈ ಇಡುವುದೂ ಅದರ ಮೇಲೇ.

ನಾಳೆಯೇ ಮಿಲ್ಲಿಗೆ ಹೋಗಿ ದಿಮ್ಮಿ ಸೀಳಿಸಿ. ದಿಮ್ಮಿಯಾಗಿ ಬಿದ್ದಿದ್ದರೆ ಅದು ಒಣಗುವುದಿಲ್ಲ, ಸುಮ್ನೆ ದಿನ ಹೋಗುತ್ತದೆ. ಬೇಕಾದ ದಪ್ಪಕ್ಕಿಂತ ಕಾಲು ಇಂಚು ಜಾಸ್ತಿ ಇಟ್ಟು ಸೀಳಿಸಿ. ಹಲಗೆ ಮೇಲೆ ಹಲಗೆ ಇಡುವಾಗ ನಡುವೆ ಎರಡು ಅಡಿಗೆ ಒಂದರಂತೆ ರೀಪು, ಅಂದರೆ ತೆಳು ಮರದ ಪಟ್ಟಿ ಕೊಡಿ. ರೀಪುಗಳೆಲ್ಲ ಒಂದರ ಮೇಲೊಂದು ನೇರ ಬರಬೇಕು, ಇಲ್ಲದಿದ್ದರೆ ಹಲಗೆ ಬಗ್ಗುತ್ತದೆ. ನೆಲದಿಂದ ಒಂದು ಅಡಿ ಮೇಲೆ, ಗಾಳಿ ಆಡುವ ನೆರಳಿನಲ್ಲಿ, ಮೇಲೆ ಭಾರ ಹೇರಿ ಇಡಿ. ಎರಡೂ ತುದಿಗೆ ದಪ್ಪಗೆ ಪೇಂಟ್ ಬಳಿಯಿರಿ. ನೀರು ಎಲ್ಲಕ್ಕಿಂತ ವೇಗವಾಗಿ ಹೋಗುವುದು ತುದಿಯಿಂದ. ತುದಿ ಮೊದಲು ಒಣಗಿದರೆ ಸೀಳು ಬಿಡುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಮಾಯಿಶ್ಚರ್ ಮೀಟರ್ ಸಿಗುತ್ತದೆ, ಒಳನಾಡಿನಲ್ಲಿ 12 ಪರ್ಸೆಂಟ್ ಆಸುಪಾಸು ತೋರಿಸಿದರೆ ಸಾಕು. ಮೀಟರ್ ಇಲ್ಲದಿದ್ದರೆ ಅದೇ ಹಲಗೆಯ ಒಂದು ಅಡಿ ತುಂಡು ಪಕ್ಕದಲ್ಲೇ ಇಟ್ಟುಕೊಂಡು 15 ದಿನಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತರೆ, ಆ ಜಾಗದ ಗಾಳಿಗೆ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ ಎಂದು ತಿಳಿಯಿರಿ. ತುಂಡು ಚಿಕ್ಕದು, ಉದ್ದ ಹಲಗೆಗಿಂತ ಸ್ವಲ್ಪ ಮುಂಚೆಯೇ ಒಣಗುತ್ತದೆ. ಅದಕ್ಕೇ ಇನ್ನೊಂದು ತಿಂಗಳು ಸೇರಿಸಿ.

ಚೌಕಟ್ಟಿಗೆ ಯಾವ ಮರ? ನಾನಾದರೆ ಹಳೇ ಮನೆ ಕೆಡವಿದ ತೊಲೆ, ಕಂಬ ಮಾರುವವರ ಹತ್ತಿರ ಹೋಗುತ್ತೇನೆ. ಐವತ್ತು ವರ್ಷ ಸೂರಿನ ಕೆಳಗಿದ್ದ ತೇಗ ಅಥವಾ ಹೊನ್ನೆ ಇನ್ನೆಷ್ಟು ಒಣಗಬೇಕು ಹೇಳಿ? ಹಳೇ ಮೊಳೆ ಒಳಗೇ ಉಳಿದಿರುತ್ತವೆ, ಮಿಲ್ಲಿನವರಿಗೆ ಮೊದಲೇ ಹೇಳಿ, ಗರಗಸ ಹಾಳಾಗುತ್ತದೆ. ಕೆಚ್ಚು ಮಾತ್ರ ತೆಗೆದುಕೊಳ್ಳಿ, ಹೊರಗಿನ ಬಿಳಿ ಭಾಗ ಒಂದಿಷ್ಟೂ ಬೇಡ. ಗೆದ್ದಲು, ಕುಟ್ಟೆ ಶುರುವಾಗುವುದೇ ಅಲ್ಲಿಂದ. ಹೊನ್ನೆ ತೆಗೆದುಕೊಂಡರೆ ಒಂದು ಎಚ್ಚರಿಕೆ, ಅದು ನೀರು ಕಂಡರೆ ಬಣ್ಣ ಬಿಡುತ್ತದೆ. ಒದ್ದೆ ಚೌಕಟ್ಟಿನಿಂದ ಇಳಿದ ಹಳದಿ ನೀರು ಹೊಸ ಗೋಡೆ ಮೇಲೆ ಕಲೆ ಮಾಡಿದ್ದನ್ನು ಕಂಡಿದ್ದೇನೆ. ಪ್ರೈಮರ್ ಹೊಡೆಯದೆ ಅದನ್ನು ಗಾರೆ ಹತ್ತಿರ ತರಬೇಡಿ. ಮಾರುವವರು ತೇಗ ಎನ್ನುತ್ತಿದ್ದಾರೆ, ನಿಮಗೆ ಅನುಮಾನ ಇದೆ ಎನ್ನಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಚಿಕ್ಕ ತುಂಡು ಕೊಟ್ಟರೆ ಯಾವ ಮರ ಎಂದು ಪರೀಕ್ಷಿಸಿ ಹೇಳುತ್ತಾರೆ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರೋಣ. ಒಣ ಮರದ ಚೌಕಟ್ಟು ಸಿಕ್ಕಿದರೆ ಮುಂಬಾಗಿಲನ್ನು ಈಗಲೇ ಗೋಡೆ ಜೊತೆ ನಿಲ್ಲಿಸಿ. ಮಿಕ್ಕ ಒಳಬಾಗಿಲುಗಳಿಗೆ ಜಾಗ ಬಿಡಿ, ಪ್ಲಾಸ್ಟರ್ ಆದ ಮೇಲೆ ಕೂರಿಸಿ. ಮುಂಬಾಗಿಲು ಭಾರ, ಹೊಸ್ತಿಲು ಇರುತ್ತದೆ, ದಿನಕ್ಕೆ ಹತ್ತಾರು ಸಲ ಹಾಕಿ ತೆಗೆಯುತ್ತೀರಿ. ಅದನ್ನು ಗೋಡೆಯೇ ಹಿಡಿದುಕೊಳ್ಳಬೇಕು. ಒಳಬಾಗಿಲು ಹಗುರ, ಸ್ಕ್ರೂ ಹಾಕಿದರೂ ನಿಲ್ಲುತ್ತದೆ. ಸಿಮೆಂಟು, ನೀರು, ತಳ್ಳುಗಾಡಿಯ ಪೆಟ್ಟು ಎಲ್ಲದರಿಂದ ಒಂದು ವರ್ಷ ಅದನ್ನು ಕಾಯುವ ಕೆಲಸ ನಿಮಗೆ ತಪ್ಪುತ್ತದೆ. ಬಚ್ಚಲಿಗೆ ಮರವೇ ಬೇಡ, ಗ್ರಾನೈಟ್ ಅಥವಾ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು) ಚೌಕಟ್ಟು ಹಾಕಿಸಿ.

ಈ ತೀರ್ಮಾನ ಆಚಾರ್ರಿಗೆ ಮೊದಲೇ ಗೊತ್ತಾಗಬೇಕು, ಯಾಕೆಂದರೆ ಮರ ಕೊಯ್ಯುವ ರೀತಿಯೇ ಬೇರೆ. ಗೋಡೆ ಜೊತೆ ಕೂರುವ ಚೌಕಟ್ಟಿನಲ್ಲಿ ಮೇಲಿನ ಅಡ್ಡಪಟ್ಟಿಯನ್ನೂ ಹೊಸ್ತಿಲನ್ನೂ ಎರಡೂ ಕಡೆ ಎರಡು–ಮೂರು ಇಂಚು ಹೊರಗೆ ಚಾಚಿ ಬಿಡುತ್ತಾರೆ. ಅದು ಗೋಡೆಯೊಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟರ್ ಆದ ಮೇಲೆ ಕೂರುವುದಕ್ಕೆ ಆ ಚಾಚು ಇರಬಾರದು. ಹೊರ ಅಳತೆಗಿಂತ ಪ್ರತಿ ಬದಿಗೆ ಅರ್ಧ ಇಂಚು ಜಾಸ್ತಿ ಜಾಗ ಇರಬೇಕು.

ಅಳತೆ ಹೇಳುವಾಗ ಇನ್ನೊಂದು ಗೊಂದಲ ಆಗುತ್ತದೆ. 'ಮೂರೂವರೆ ಏಳು' ಎಂದರೆ ಮೇಸ್ತ್ರಿಗೆ ಹೊರಗಿನ ಅಳತೆ. ಕೇಳುವ ನೀವು ಒಳಗೆ ನಡೆದು ಹೋಗುವ ಜಾಗ ಅಷ್ಟಿದೆ ಎಂದುಕೊಂಡಿರುತ್ತೀರಿ. ಲೆಕ್ಕ ಹಾಕಿ ನೋಡಿ. ಮೂರೂವರೆ ಅಡಿ ಎಂದರೆ 42 ಇಂಚು. ಎರಡು ಕಂಬ 4 ಇಂಚಿನಂತೆ 8 ಇಂಚು ಕಳೆದರೆ 34 ಇಂಚು. ಎತ್ತರ 84 ಇಂಚು, ಮೇಲಿನ ಪಟ್ಟಿ 4, ಹೊಸ್ತಿಲು 4 ಹೋದರೆ ಹೊಸ್ತಿಲ ಮೇಲಿಂದ 76 ಇಂಚು, ಅಂದರೆ 6 ಅಡಿ 4 ಇಂಚು. ಎತ್ತರದವರು ಹೊಸ್ತಿಲ ಮೇಲೆ ಕಾಲಿಟ್ಟರೆ ತಲೆ ಹತ್ತಿರ ಹತ್ತಿರ ತಗಲುತ್ತದೆ. ತೋರಣ ಕಟ್ಟಿದರಂತೂ ಇನ್ನೂ ಕಮ್ಮಿ. ಮುಂಬಾಗಿಲಿಗೆ ಹೊರ ಅಳತೆ 4 ಅಡಿಗೆ ಏಳೂವರೆ ಅಡಿ ಇಡಿ ಎನ್ನುವುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಆ ಬಾಗಿಲ ಲಿಂಟಲ್, ಅಂದರೆ ಚೌಕಟ್ಟಿನ ಮೇಲೆ ಬರುವ ಕಾಂಕ್ರೀಟ್ ತೊಲೆ, ಇನ್ನೂ ಎತ್ತರಕ್ಕೆ ಹೋಗುತ್ತದೆ, ಇಂಜಿನಿಯರ್‌ಗೆ ಈಗಲೇ ಹೇಳಿ. ಕಾಗದದ ಮೇಲೆ 'ಹೊರಗಿಂದ ಹೊರಗೆ' ಎಂದು ಬರೆದು ಮೂವರಿಗೂ ಒಂದೊಂದು ಪ್ರತಿ ಕೊಡಿ.

ಚೌಕಟ್ಟು ನಿಲ್ಲಿಸುವ ದಿನ ನಿಮ್ಮ ಕಣ್ಣು ಎರಡು ಗೆರೆಗಳ ಮೇಲಿರಬೇಕು. ಆ ಎರಡೂ ಗೆರೆ ಅವತ್ತು ಸೈಟಿನಲ್ಲಿ ಕಾಣುವುದಿಲ್ಲ. ಒಂದು, ಟೈಲ್ಸೋ ಗ್ರಾನೈಟೋ ಹಾಕಿದ ಮೇಲಿನ ನೆಲದ ಗೆರೆ. ಇನ್ನೊಂದು, ಪ್ಲಾಸ್ಟರ್ ಆದ ಮೇಲಿನ ಗೋಡೆಯ ಗೆರೆ. ಮೇಸ್ತ್ರಿಗಳು ಎಷ್ಟೋ ಸಲ ಕಣ್ಣಿಗೆ ಕಾಣುವ ಬೆಡ್, ಕಾಣುವ ಬ್ಲಾಕ್ ನೋಡಿ ನಿಲ್ಲಿಸಿಬಿಡುತ್ತಾರೆ. ಆಮೇಲೆ ಬರುವ ತೊಂದರೆ ಎಲ್ಲ ಇದರಿಂದಲೇ.

ನಾನೇ ನೋಡಿಕೊಳ್ಳುತ್ತಿದ್ದ ಒಂದು ಸೈಟಿನಲ್ಲಿ ಇದೇ ಆಯಿತು. ಚೌಕಟ್ಟನ್ನು ನೇರ ಬೆಡ್ ಮೇಲೆ ಕೂರಿಸಿದ್ದರು. ರೆಡ್ ಆಕ್ಸೈಡ್ ನೆಲ ಎಂದು ಮೊದಲು ಮಾತಾಗಿತ್ತು. ಆಮೇಲೆ ಮನೆಯವರು ಗ್ರಾನೈಟ್ ಬೇಕೆಂದರು. ನೆಲ ಮೇಲೆ ಬಂತು, ಹೊಸ್ತಿಲು ಬಹುಪಾಲು ಅದರೊಳಗೆ ಹೋಯಿತು. ಬಾಗಿಲು ಅಷ್ಟರಲ್ಲಿ ಕೆತ್ತಿ ಮುಗಿದಿತ್ತು. ಒಳಗಿನ ನೆಲಕ್ಕೆ ತಾಗುತ್ತಿದ್ದರಿಂದ ಕೆಳಗಿನಿಂದ ಎರಡು ಇಂಚು ಕೊಯ್ಯಬೇಕಾಯಿತು. ಕೆಳಸಾಲಿನಲ್ಲಿ ಕಮಲದ ಹೂಗಳಿದ್ದವು. ಗರಗಸ ಹೂವಿನ ನಡುವೆಯೇ ಹೋಯಿತು. ಕೆತ್ತಿದ ಆಚಾರ್ರು ಪಕ್ಕದಲ್ಲಿ ನಿಂತು ಒಂದು ಮಾತೂ ಆಡಲಿಲ್ಲ. ನೆಲಕ್ಕೆ ಏನು ಹಾಕುತ್ತೇವೆ ಎಂದು ನಾನು ಮೊದಲೇ ಬರೆಸಿಕೊಂಡಿದ್ದರೆ ಅದು ತಪ್ಪುತ್ತಿತ್ತು. ಅಂದಿನಿಂದ ನೆಲ ಗೊತ್ತಾಗದೆ ಬಾಗಿಲು ನಿಲ್ಲಿಸಲು ನಾನು ಬಿಡುವುದಿಲ್ಲ.

ಮೊದಲು ನೆಲಕ್ಕೆ ಏನು ಎಂದು ತೀರ್ಮಾನ ಮಾಡಿ. ವಿಟ್ರಿಫೈಡ್ ಟೈಲ್ಸ್ ಸುಮಾರು 10 ಮಿ.ಮೀ., ಗ್ರಾನೈಟ್ 18–20 ಮಿ.ಮೀ., ಕೆಳಗೆ ಗಾರೆ ಒಂದೂವರೆಯಿಂದ ಎರಡು ಇಂಚು. ಒಟ್ಟು ಎರಡೂವರೆ ಇಂಚು ಎಂದಿಟ್ಟುಕೊಳ್ಳಿ. ಆಮೇಲೆ ಆ ಮುಗಿದ ನೆಲದಿಂದ ಸರಿಯಾಗಿ 1 ಮೀಟರ್ ಎತ್ತರಕ್ಕೆ ಮನೆಯ ಎಲ್ಲ ಪಿಲ್ಲರ್ ಮೇಲೂ ಒಂದು ಗೆರೆ ಎಳೆಸಿ. ಇದಕ್ಕೆ ಟ್ಯೂಬ್ ಲೆವೆಲ್ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಒಂದೂ ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ಒಂದು ತುದಿ ಒಬ್ಬರು, ಇನ್ನೊಂದು ತುದಿ ಇನ್ನೊಬ್ಬರು ಹಿಡಿಯುತ್ತಾರೆ. ನೀರು ಅಲ್ಲಾಡುವುದು ನಿಂತ ಮೇಲೆ ಗುರುತು. ಗುಳ್ಳೆ ಇದ್ದರೆ ಗುರುತು ತಪ್ಪುತ್ತದೆ, ಅದನ್ನು ನೀವೇ ನಿಂತು ನೋಡಿ. ಇನ್ನು ಮುಂದೆ ಹೊಸ್ತಿಲು, ಕಿಟಕಿ, ಲಿಂಟಲ್, ಸ್ವಿಚ್ ಬೋರ್ಡು ಎಲ್ಲಕ್ಕೂ ಅಳತೆ ಆ ಗೆರೆಯಿಂದಲೇ.

ಗೋಡೆ ಕಡೆಗೆ ಬಂದರೆ, ನಿಮ್ಮ ಬ್ಲಾಕ್ 150 ಮಿ.ಮೀ. ಒಳಗೆ ಪ್ಲಾಸ್ಟರ್ 12, ಹೊರಗೆ 20 ಸೇರಿ ಮುಗಿದ ಗೋಡೆ 182. ನಿಮ್ಮ ಚೌಕಟ್ಟಿನ ಆಳ 6 ಇಂಚು. ಅದನ್ನು ಬ್ಲಾಕಿಗೆ ಸಮನಾಗಿ ನಿಲ್ಲಿಸಿದರೆ ಒಳಗಡೆ ಪ್ಲಾಸ್ಟರ್ ಮರಕ್ಕಿಂತ ಮುಂದೆ ಬಂದು ಬಾಗಿಲು ಪೂರ್ತಿ ತೆರೆಯುವುದಿಲ್ಲ. ಒಳಗಡೆ ಬ್ಲಾಕಿಗಿಂತ 12 ಮಿ.ಮೀ. ಮುಂದಕ್ಕೆ ಇರಬೇಕು, ಆಗ ಪ್ಲಾಸ್ಟರ್ ಬಂದು ಮರಕ್ಕೆ ಸಮ ನಿಲ್ಲುತ್ತದೆ. ಮೇಸ್ತ್ರಿ ಹತ್ತಿರ ಆ ಗೋಡೆಗೆ ಮೇಲೊಂದು ಕೆಳಗೊಂದು ಬುಲ್ ಮಾರ್ಕ್ (ಪ್ಲಾಸ್ಟರ್ ಎಷ್ಟು ದಪ್ಪ ಬರುತ್ತದೆ ಎಂದು ತೋರಿಸುವ ಗಾರೆಯ ಗುರುತು) ಈಗಲೇ ಹಾಕಿಸಿ, ದಾರ ಎಳೆದು, ಆ ದಾರಕ್ಕೆ ಚೌಕಟ್ಟು ನಿಲ್ಲಿಸಲಿ. ಮರವೂ ಗಾರೆಯೂ ಕೂಡುವ ಕಡೆ ಎಷ್ಟೇ ಚೆನ್ನಾಗಿ ಮಾಡಿದರೂ ಕೂದಲೆಳೆಯ ಬಿರುಕು ಬಂದೇ ಬರುತ್ತದೆ. ಅದರ ಮೇಲೆ ಕೊನೆಗೆ ಬೀಡಿಂಗ್ ಪಟ್ಟಿ ಹೊಡೆಸಿದರೆ ಮುಚ್ಚುತ್ತದೆ.

ನಿಲ್ಲಿಸುವ ಮುಂಚೆ ಚೌಕಟ್ಟಿನ ಎಲ್ಲ ಮುಖಕ್ಕೂ ವುಡ್ ಪ್ರೈಮರ್ ಆಗಿರಬೇಕು. ಪಾಲಿಶ್ ಮಾಡಿಸುವುದಾದರೆ ಕಾಣುವ ಮುಖಕ್ಕೆ ಪ್ರೈಮರ್ ಬೇಡ, ಸೀಲರ್ ಒಂದು ಕೋಟ್ ಸಾಕು. ಗೋಡೆಗೆ ತಾಗುವ ಬೆನ್ನಿಗೆ ಗೆದ್ದಲು ಔಷಧಿ, ಅದು ಒಣಗಿದ ಮೇಲೆ ಡಾಂಬರು. ಕರಾವಳಿ ಕಡೆ ಇದಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಯುವ ರೂಢಿ ಇದೆ. ಅಂದ ಹಾಗೆ, ಅಲ್ಲಿ ಈ ಚೌಕಟ್ಟಿಗೆ ದಾರಂದ ಎನ್ನುತ್ತಾರೆ, ಬೆಂಗಳೂರು ಕೋಲಾರ ಕಡೆ ವಾಸ್ಕಲ್. ಹೆಸರು ಯಾವುದಾದರೂ ಕಂಬದ ಕೆಳತುದಿ ನೀರು ಕುಡಿಯುವುದು ಎಲ್ಲ ಕಡೆ ಒಂದೇ. ಆ ತುದಿಗೆ ಮೂರು ಕೋಟ್ ಆಗಲಿ.

ಹಿಡಿತಕ್ಕೆ ಪ್ರತಿ ಕಂಬಕ್ಕೆ ಮೂರು ಹೋಲ್ಡ್‌ಫಾಸ್ಟ್, ಕೆಳಗಿಂದ ಒಂದು ಅಡಿಗೆ, ಮಧ್ಯಕ್ಕೆ, ಮೇಲಿಂದ ಒಂದು ಅಡಿಗೆ. 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ, ಒಂದು ಅಡಿ ಉದ್ದ. ಅದು ಗೋಡೆಯೊಳಗೆ ಹೋಗುವ ಕಡೆ ಜಾಗ ಬಿಟ್ಟು ಸಣ್ಣ ಜಲ್ಲಿ ಕಾಂಕ್ರೀಟ್ ತುಂಬಿಸಿ, ಬರೀ ಗಾರೆ ಮೆತ್ತಿದರೆ ಕೆಲವೇ ವರ್ಷದಲ್ಲಿ ಅಲ್ಲಾಡುತ್ತದೆ. ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ಕಂಬ ನೇರ ನಿಂತಿದೆಯಾ ಎಂದು ಎರಡು ಕಡೆ ನೋಡಬೇಕು, ಕಂಬದ ಮುಂಭಾಗಕ್ಕೂ ಬದಿಗೂ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಟೇಪ್ ಹಿಡಿದು ನೋಡಿ, ಎರಡೂ ಒಂದೇ ಬಂದರೆ ಚೌಕ ಸರಿ ಇದೆ. ಎರಡು ಕಂಬದ ನಡುವೆ ಎರಡು ಕಡೆ ಅಡ್ಡ ರೀಪು ಹೊಡೆದೇ ಇರಲಿ, ಪಕ್ಕದ ಗೋಡೆ ಕಟ್ಟುವಾಗ ಬ್ಲಾಕ್ ಒತ್ತಿ ಕಂಬ ಒಳಗೆ ಬಾಗುತ್ತದೆ. ಪ್ಲಾಸ್ಟರ್ ಮುಗಿಯುವವರೆಗೆ ಅದನ್ನು ಯಾರೂ ಕೀಳಬಾರದು.

ಲಿಂಟಲ್ ವಿಚಾರದಲ್ಲಿ ಗಟ್ಟಿಯಾಗಿರಿ. ಶಟರಿಂಗ್ ಹಲಗೆ ಉಳಿಸಲು ಎಷ್ಟೋ ಕಡೆ ಚೌಕಟ್ಟಿನ ಮೇಲೇ ನೇರ ಕಾಂಕ್ರೀಟ್ ಸುರಿಯುತ್ತಾರೆ. ಹಾಗೆ ಮಾಡಿದರೆ ಮರ ಕಾಂಕ್ರೀಟಿನ ನೀರು ಕುಡಿಯುತ್ತದೆ, ಭಾರವೂ ಅದರ ಮೇಲೇ ಕೂರುತ್ತದೆ. ಲಿಂಟಲ್ ಎರಡೂ ಕಡೆ ಗೋಡೆ ಮೇಲೆ ಕನಿಷ್ಠ 6 ಇಂಚು ಕೂರಬೇಕು. ಅದಕ್ಕೂ ಚೌಕಟ್ಟಿಗೂ ನಡುವೆ ಕಾಲು ಇಂಚು ಸಂದು ಇರಲಿ. ಲಿಂಟಲ್ ಕೆಳಗೆ ಥರ್ಮೋಕೋಲ್ ಹಾಳೆ ಇಟ್ಟರೂ ಆಯಿತು, ಆಮೇಲೆ ಕೆರೆದು ತೆಗೆಯಬಹುದು.

ಮಳೆಗಾಲ ಬೇರೆ ಬರುತ್ತದೆ. ಚೌಕಟ್ಟನ್ನು ಪ್ಲಾಸ್ಟಿಕ್ಕಿನಿಂದ ಪೂರ್ತಿ ಸುತ್ತಿ ಕಟ್ಟಬೇಡಿ. ಒಳಗೆ ಬೆವರಿ ಬೂಷ್ಟು ಬರುತ್ತದೆ. ಮೇಲಿಂದ ಇಳಿಬಿಟ್ಟು ಕೆಳಗೆ ಗಾಳಿಗೆ ಬಿಡಿ. ನಾಲ್ಕು ಅಡಿ ಎತ್ತರದವರೆಗೆ ಹಳೇ ಪ್ಲೈವುಡ್ ತುಂಡು ಕಟ್ಟಿಸಿ, ತಳ್ಳುಗಾಡಿ ತಗಲುವುದು ಅಲ್ಲೇ. ಹೊಸ್ತಿಲ ಮೇಲೆ ಹಲಗೆ ಮುಚ್ಚಿ, ಕೆಲಸದವರು ಅದರ ಮೇಲೆ ಕಾಲಿಡದ ಹಾಗೆ ಇಟ್ಟಿಗೆ ಇಟ್ಟು ಮೆಟ್ಟಿಲು ಮಾಡಿಕೊಡಿ.

ಅಷ್ಟರೊಳಗೆ ಒಣ ಮರ ಸಿಗದೇ ಹೋದರೆ? ಮುಂಬಾಗಿಲಿಗೂ ಜಾಗ ಬಿಡಿ, ಅಷ್ಟೇ. ಇಂಜಿನಿಯರ್ ಹೇಳಿದ ಹಾಗೆ ಆಗಲಿ. ಬಾಗಿಲು ಪೂಜೆಗೆ ಮುಹೂರ್ತ ನೋಡಿಸಿದ್ದೀರಿ ಎಂದು ಹಸಿ ಚೌಕಟ್ಟು ಮಾಡಿಸಬೇಡಿ. ಪುರೋಹಿತರ ಹತ್ತಿರ ಮಾತಾಡಿ. ಹೊಸ್ತಿಲು ಒಂದನ್ನೇ ಇಟ್ಟು ಪೂಜೆ ಮಾಡಿಸಿದವರು ನಮ್ಮ ಕಡೆ ಎಷ್ಟೋ ಮಂದಿ ಇದ್ದಾರೆ.

ಹಳೇ ಕಿಟಕಿಗಳು ನಿಮಗೆ ಒಂದು ಭಾಗ್ಯ. ಅವು ಪೂರ್ತಿ ಒಣಗಿದ ಮರ, ಗೋಡೆ ಜೊತೆಗೇ ಕೂರಿಸಿ. ಅದಕ್ಕಿಂತ ಮುಂಚೆ ಸ್ಕ್ರೂಡ್ರೈವರ್ ಹಿಡಿಯಿಂದ ಎಲ್ಲ ಕಡೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಚುಚ್ಚಿ ನೋಡಿ. ಕಿಟಕಿಯ ಕೆಳಪಟ್ಟಿ ಮಳೆ ನೀರಿಗೆ ಹಾಳಾಗಿರುವುದು ಸಾಮಾನ್ಯ, ಅದನ್ನೊಂದೇ ಬದಲಾಯಿಸಬಹುದು. ಅವು ಮಣ್ಣಿನ ದಪ್ಪ ಗೋಡೆಗೆ ಮಾಡಿದ್ದು. ನಿಮ್ಮ 6 ಇಂಚಿನ ಗೋಡೆಯಲ್ಲಿ ಮಳೆ ನೇರ ಮರಕ್ಕೆ ಬಡಿಯುತ್ತದೆ, ಕಿಟಕಿ ಮೇಲಿನ ಸಜ್ಜ ಎರಡು ಅಡಿ ಚಾಚಿಸಿ. ಹಳೇ ಬಣ್ಣವನ್ನು ಒಣ ಮರಳು ಕಾಗದದಲ್ಲಿ ಉಜ್ಜಿಸಬೇಡಿ. ಮನೆ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು, ಆ ಧೂಳು ಮಕ್ಕಳಿಗೆ ವಿಷ. ಪೇಂಟ್ ರಿಮೂವರ್ ಹಚ್ಚಿ ಹಸಿಯಾಗಿಯೇ ಕೆರೆಯಿಸಿ, ಕೆರೆದದ್ದನ್ನು ಹಿತ್ತಲಲ್ಲಿ ಸುಡಬೇಡಿ.

ಅಡುಗೆಮನೆ, ವಾರ್ಡ್‌ರೋಬ್ ಅಳತೆ ಈಗ ಕೊಡಲೇಬೇಡಿ. ಪ್ಲಾಸ್ಟರ್, ನೆಲ ಮುಗಿದು ಗೋಡೆ ಚೆನ್ನಾಗಿ ಒಣಗಿದ ಮೇಲೆ ಅಳೆಯಲಿ. ಒದ್ದೆ ಗೋಡೆಗೆ ಪ್ಲೈವುಡ್ ತಾಗಿಸಿದರೆ ಬೆನ್ನಿನಿಂದಲೇ ಹಾಳಾಗುತ್ತದೆ. ಈಗ ಬೇಕಾದದ್ದು ಸ್ವಿಚ್, ನೀರಿನ ಪೈಪು ಎಲ್ಲಿ ಬರುತ್ತದೆ ಎನ್ನುವುದು ಮಾತ್ರ.

ಜೋಕಾಲಿಗೆ ಮಾತ್ರ ತಡ ಮಾಡುವಂತಿಲ್ಲ. ಅದರ ಕೊಂಡಿ ಸ್ಲ್ಯಾಬ್ ಹಾಕುವಾಗಲೇ ಒಳಗೆ ಹೋಗಬೇಕು. ಆಮೇಲೆ ಡ್ರಿಲ್ ಮಾಡಿ ಕೂರಿಸಿದ ಕೊಂಡಿಯನ್ನು ತೂಗುವ ಭಾರಕ್ಕೆ ನಾನು ನಂಬುವುದಿಲ್ಲ. ಜಾಗವನ್ನು ಇಂಜಿನಿಯರ್ ಹತ್ತಿರ ಗುರುತಿಸಿಕೊಳ್ಳಿ, ಬೀಮಿನ ಕೆಳಗೆ ಬಂದರೆ ಒಳ್ಳೆಯದು. ಕನಿಷ್ಠ 16 ಮಿ.ಮೀ. ಸರಳನ್ನು ಬಗ್ಗಿಸಿ, ಬೀಮಿನ ಸರಳಿನ ಮೇಲಿಂದ ಸುತ್ತಿ ತಂದು ಬಿಗಿಯಾಗಿ ಕಟ್ಟಬೇಕು. ಎರಡು ಕೊಂಡಿಯ ನಡುವಿನ ದೂರ ಜೋಕಾಲಿ ಹಲಗೆಯ ಸರಪಳಿಗೆ ಸರಿ ಹೊಂದಬೇಕು, ಅದಕ್ಕೇ ಹಲಗೆಯ ಉದ್ದವನ್ನು ಅಮ್ಮನ ಹತ್ತಿರ ಈಗಲೇ ಕೇಳಿಬಿಡಿ. ಮುಂದೆ ತೂಗಿದಾಗ ಗೋಡೆಗೆ ಬಡಿಯದಷ್ಟು ಜಾಗವೂ ಬೇಕು. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ನೀವೇ ಮೇಲೆ ಹತ್ತಿ, ಗೋಡೆಯಿಂದ ಕೊಂಡಿಗೆ ಟೇಪ್ ಹಿಡಿದು, ಅಳತೆ ಕಾಣುವ ಹಾಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.